ಕೊಡುವ ಅಧಿಕಾರ ಯಾರದು? — ಕುಸನೂರಿನ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹದ ಇತಿಹಾಸ

ನಮ್ಮ ಧಾರವಾಡ ಸೀಮೆಯ ಇತಿಹಾಸವೆಂದರೆ ಶಾಸನ, ಬಸದಿ, ದಾನದತ್ತಿಗಳ ಇತಿಹಾಸವೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಆ ಶಾಸನಗಳನ್ನು ಓದಿದವರಿಗೆ ಒಂದು ವಿಷಯ ಗಮನಕ್ಕೆ ಬಂದಿರಲು ಸಾಕು. ಭೂಮಿಯನ್ನು ದಾನವಾಗಿ ಕೊಡುವಾಗ ಕೊಟ್ಟವನು ಯಾರು, ಪಡೆದವನು ಯಾರು, ಎಲ್ಲೆ ಯಾವುದು, ಸಾಕ್ಷಿಗಳಾರು ಎಂಬುದನ್ನು ಕಲ್ಲಿನ ಮೇಲೆ ಕಂಡರಿಸಿ ಊರ ನಡುವೆ ನಿಲ್ಲಿಸುತ್ತಿದ್ದರು. ದಾನವು ಊರಿನ ಕಣ್ಣೆದುರಿಗೆ ನಡೆಯಬೇಕೆಂಬುದು ಅದರ ಅರ್ಥ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಸಾವಿರಾರು ಎಕರೆ ಭೂಮಿ ಕೈ ಬದಲಾಯಿಸಿದಾಗ ಅಂಥ ಕಲ್ಲು ಎಲ್ಲಿಯೂ ನಿಲ್ಲಲಿಲ್ಲ. ಸರ್ಕಾರ ಮತ್ತು ಕಂಪನಿಯ ನಡುವೆ ಒಂದು ಒಪ್ಪಂದ ಮಾತ್ರ ಆಯಿತು. ಆ ಒಪ್ಪಂದವನ್ನು ಹಳ್ಳಿಯ ಜನ ಶಸ್ತ್ರವಿಲ್ಲದೆ, ಬೈಗುಳವಿಲ್ಲದೆ, ಏಳು ವರ್ಷಗಳಲ್ಲಿ ಹಿಂದಕ್ಕೆ ತೆಗೆಸಿದ ಚರಿತ್ರೆಯನ್ನು ನಮ್ಮ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

1997ಕ್ಕೆ ಮೊದಲು ಧಾರವಾಡ ಜಿಲ್ಲೆ ಇಂದಿನಷ್ಟು ಚಿಕ್ಕದಾಗಿರಲಿಲ್ಲ. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳೂ ಅದರಲ್ಲಿ ಸೇರಿದ್ದವು. ಪೂರ್ವದಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲ, ಅಲ್ಲಿ ಹತ್ತಿ, ಜೋಳ, ಕಡಲೆ. ಪಶ್ಚಿಮದಲ್ಲಿ ಕಲಘಟಗಿಯಿಂದ ಹಾನಗಲ್ಲಿನವರೆಗೆ ಗುಡ್ಡ, ಕಾಡು, ಹುಲ್ಲುಗಾವಲು. ಎರೆಭಾಗದಲ್ಲಿ ಪ್ರತಿ ತುಂಡು ನೆಲಕ್ಕೂ ಒಬ್ಬ ಒಡೆಯನುಂಟು. ಗುಡ್ಡನಾಡಿನಲ್ಲಿ ಹಾಗಲ್ಲ. ಅಲ್ಲಿ ಗಾಯರಾಣವೆಂದೂ ಗೋಮಾಳವೆಂದೂ ಕರೆಯುವ ಸಾರ್ವಜನಿಕ ಭೂಮಿ ವಿಶೇಷವಾಗಿದ್ದು, ಹೊಲವಿಲ್ಲದವನ ಆಡು, ಬಡವಳ ಒಲೆಯ ಸೌದೆ, ಒಕ್ಕಲಿಗನ ಎತ್ತಿನ ಮೇವು ಎಲ್ಲವೂ ಅದರಿಂದಲೇ ನಡೆಯುತ್ತಿದ್ದವು. ಕಾಗದದಲ್ಲಿ ಆ ಭೂಮಿ ಸರ್ಕಾರದ್ದು, ಬಳಕೆಯಲ್ಲಿ ಊರಿನದು.

ಈ ಜಿಲ್ಲೆಗೆ ಕಹಿಯಾದ ಒಂದು ನೆನಪೂ ಇತ್ತು. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ನವಲಗುಂದ ಮತ್ತು ನರಗುಂದದ ರೈತರು ಎದ್ದಾಗ, 1980ರ ಜುಲೈ 21ರಂದು ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ರೈತರ ಅಹವಾಲು ನ್ಯಾಯವಾದುದೇ ಆಗಿತ್ತು. ಆದರೆ ರಕ್ತ ಹರಿದ ಮೇಲೆ ವಾದ ಯಾರ ಕಿವಿಗೂ ಬೀಳುವುದಿಲ್ಲವೆಂಬ ಪಾಠವನ್ನು ಈ ಭಾಗದ ಜನ ಅಂದು ಬಹಳ ದುಬಾರಿ ಬೆಲೆ ತೆತ್ತು ಕಲಿತರು. ಮುಂದೆ ಕುಸನೂರಿನಲ್ಲಿ ನಡೆದುದನ್ನು ಈ ನೆನಪಿನೊಡನೆ ಇಟ್ಟು ನೋಡಬೇಕು.

ಕಾಡಿನ ಉತ್ಪನ್ನವನ್ನು ಕಾರ್ಖಾನೆಗೆ ಅಗ್ಗವಾಗಿ ಒಪ್ಪಿಸುವ ಪದ್ಧತಿಯೂ ಆಗ ಹೊಸದಾಗಿರಲಿಲ್ಲ. ಕಲಘಟಗಿಯಿಂದ ಪಶ್ಚಿಮಕ್ಕೆ ಹಳಿಯಾಳದ ಮೇಲೆ ಹೋದರೆ ಸಿಗುವ ದಾಂಡೇಲಿಯಲ್ಲಿ 1950ರ ದಶಕದಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ಸರ್ಕಾರ ಬಿದಿರನ್ನು ಪೂರೈಸುವ ಕರಾರು ಮಾಡಿಕೊಂಡಿತು. ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿರುವ ಪ್ರಕಾರ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕರೆ, ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದನ್ನೇ ಟನ್ನಿಗೆ 1,500 ರೂಪಾಯಿ ಕೊಟ್ಟು ಕೊಳ್ಳಬೇಕಾಗಿತ್ತು. ಒಂದೇ ಸರಕು, ಒಂದೇ ಒಡೆಯ, ಬೆಲೆಯಲ್ಲಿ ಸಾವಿರಪಟ್ಟು ಅಂತರ. ವ್ಯಾಪಾರ ಬಲ್ಲವರು ಇದನ್ನು ವ್ಯಾಪಾರವೆಂದು ಕರೆಯಲಾರರು. ತೀರಾ ಅಗ್ಗದ ಸರಕನ್ನು ಯಾರೂ ಜೋಪಾನ ಮಾಡುವುದಿಲ್ಲ. ಎರಡು ದಶಕ ತುಂಬುವುದರೊಳಗೆ ಆ ಕಾಡುಗಳ ಬಿದಿರು ಬಹಳವಾಗಿ ಕ್ಷೀಣಿಸಿತು, ಮೇದಾರರ ಕಸುಬೂ ಅದರೊಡನೆ ಕುಂದಿತು.

ನದಿಯ ದಡದ ಕಾರ್ಖಾನೆ

ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ ಸಂಸ್ಥೆಗೆ ಸೇರಿದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ಆರಂಭವಾಯಿತು. ಹೆಸರು ಹರಿಹರದ್ದಾದರೂ ಅದು ನಿಂತದ್ದು ತುಂಗಭದ್ರೆಯ ಈಚೆ ದಡದಲ್ಲಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ. ಮರದಿಂದ ತಿರುಳು ತೆಗೆದು ರೇಯಾನ್ ನೂಲಿಗೆ ಬೇಕಾದ ಕಚ್ಚಾವಸ್ತು ಮಾಡುವುದು ಅದರ ಕೆಲಸ. ಸಾವಿರಾರು ಕುಟುಂಬಗಳಿಗೆ ಅನ್ನವನ್ನೂ ಅದು ಕೊಟ್ಟಿತು. ಇದನ್ನು ಹೇಳದಿದ್ದರೆ ನಮ್ಮ ಅನೇಕಾಂತ ದೃಷ್ಟಿಗೆ ಲೋಪ ಬಂದೀತು.

ಆದರೆ ಅದೇ ಕಾರ್ಖಾನೆಯ ಕೊಳೆನೀರು ನದಿಗೆ ಸೇರಿ, 1980ರ ದಶಕದ ಮೊದಲ ವರ್ಷಗಳಲ್ಲಿ ಕೆಳಭಾಗದ ಹಳ್ಳಿಗಳಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತವು. ನದಿಯಲ್ಲಿ ಮಿಂದವರು ಮೈತುರಿಕೆಯ ದೂರು ಹೇಳಿದರು. ಇಲ್ಲಿ ನಾವು, ಅದರಲ್ಲಿಯೂ ಬಟ್ಟೆ ವ್ಯಾಪಾರದ ನಮ್ಮ ಬಂಧುಗಳು, ಒಂದು ಕ್ಷಣ ನಿಲ್ಲಬೇಕು. ರೇಷ್ಮೆಹುಳುವಿನ ಪ್ರಾಣಹಾನಿ ಬೇಡವೆಂದು ರೇಷ್ಮೆಯನ್ನು ತ್ಯಜಿಸಿದ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಗಳಿಗೆ ಹಿಂಸೆಯಿಲ್ಲದ ವಸ್ತ್ರವೆಂದು ಬಂದದ್ದು ಇದೇ ರೇಯಾನ್ ಎಂಬ ಕೃತಕ ರೇಷ್ಮೆ. ಹುಳು ಉಳಿಯಿತು, ಮೀನು ಸತ್ತಿತು. ಹಿಂಸೆ ಇಲ್ಲವಾಗಿರಲಿಲ್ಲ, ನಮ್ಮ ಕಣ್ಣಿಗೆ ಕಾಣದಷ್ಟು ದೂರಕ್ಕೆ ಸರಿದಿತ್ತು.

ಈ ನದಿಯ ಮಾಲಿನ್ಯವನ್ನು ಪ್ರಶ್ನಿಸುತ್ತಲೇ ಬೆಳೆದ ಸಂಸ್ಥೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅದರ ಮುಂದಾಳು ಎಸ್. ಆರ್. ಹಿರೇಮಠರು ಅಮೆರಿಕದ ನೌಕರಿ ಬಿಟ್ಟು ಬಂದು ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಗ್ರಾಮಸೇವೆಗೆ ನಿಂತವರು. 1984ರಲ್ಲಿ ಸ್ಥಾಪನೆಯಾದ ಈ ಸಮುದಾಯಕ್ಕೆ ಅದೇ ವರ್ಷ ನದಿಗಿಂತ ದೊಡ್ಡದಾದ ಇನ್ನೊಂದು ಪ್ರಶ್ನೆ ಎದುರಾಯಿತು.

ಒಪ್ಪಂದದ ಲೆಕ್ಕ

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ‘ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್’ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸುವ ಒಪ್ಪಂದ ಮಾಡಿಕೊಂಡವು. ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ಧಾರವಾಡವೂ ಸೇರಿ ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಇದಕ್ಕೆಂದು ಗುರುತಿಸಲಾಯಿತು. ವಾಣಿಜ್ಯ ಓದಿ ಅಂಗಡಿಯ ಗಾದಿಯ ಮೇಲೆ ಕುಳಿತವನಿಗೆ ಇಂಥ ಒಪ್ಪಂದದಲ್ಲಿ ಮೊದಲು ಕಾಣುವುದು ಅಂಕಿಗಳು. ಅವನ್ನು ಕೀರ್ದಿಯಲ್ಲಿ ಬರೆದಂತೆ ಬರೆದು ನೋಡೋಣ.

ಷೇರು ಬಂಡವಾಳದಲ್ಲಿ ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯ ಪಾಲು ಶೇಕಡಾ 49. ಮೇಲ್ನೋಟಕ್ಕೆ ಸರ್ಕಾರದ ಕೈಯೇ ಮೇಲು. ಆದರೆ ಫಸಲಿನಲ್ಲಿ ಶೇಕಡಾ 87.5 ಭಾಗ ನೇರವಾಗಿ ಕಾರ್ಖಾನೆಗೆ. ಉಳಿದ ಶೇಕಡಾ 12.5 ಭಾಗವನ್ನು ಕೊಳ್ಳುವ ಅವಕಾಶವೂ ಅದಕ್ಕೆ ಇತ್ತು. ಭೂಮಿಯ ಗುತ್ತಿಗೆ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. 30,000 ಹೆಕ್ಟೇರೆಂದರೆ ಸುಮಾರು 74,000 ಎಕರೆ. ಅಂದರೆ ನಾಲ್ಕು ಜಿಲ್ಲೆಗಳ ಇಷ್ಟೂ ಭೂಮಿಗೆ ವರ್ಷಕ್ಕೆ ಸುಮಾರು 74,000 ರೂಪಾಯಿ, ನಲವತ್ತು ವರ್ಷಕ್ಕೆ ಮೂವತ್ತು ಲಕ್ಷವೂ ತುಂಬುವುದಿಲ್ಲ. ನೆಡುತೋಪಿಗೆ ಬೇಕಾದ ಹಣ ಬ್ಯಾಂಕುಗಳ ಸಾಲ. ಆ ಸಾಲಕ್ಕೆ ಸರ್ಕಾರದ ಜಾಮೀನು. ಸಾಲ ಕೊಡುವ ಸಂಸ್ಥೆಗಳಲ್ಲಿ ರೈತರಿಗಾಗಿಯೇ ಹುಟ್ಟಿದ ನಬಾರ್ಡ್ ಕೂಡ ಒಂದು. ಒಟ್ಟಿನಲ್ಲಿ ನೆಲ ಊರಿನದು, ಹಣ ಬ್ಯಾಂಕಿನದು, ಹೊಣೆ ಸರ್ಕಾರದ್ದು, ಮರ ಕಾರ್ಖಾನೆಯದು.

ಇದನ್ನು ಸಮರ್ಥಿಸಿದವರ ವಾದವೂ ಇತ್ತು. ಭೂಮಿ ಬಂಜರು ಬಿದ್ದಿದೆ. ಮರ ಬೆಳೆದರೆ ಹಸಿರಾಗುತ್ತದೆ. ಕಾರ್ಖಾನೆಗೆ ಮರ ಸಿಕ್ಕರೆ ಸಹಜ ಕಾಡು ಉಳಿಯುತ್ತದೆ. ಈ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೆ ‘ಬಂಜರು’ ಎಂಬ ಹೆಸರನ್ನು ಇಟ್ಟವರು ಯಾರು? ಸರ್ಕಾರಕ್ಕೆ ಕಂದಾಯ ಬರದ ಭೂಮಿ ದಫ್ತರದಲ್ಲಿ ಬಂಜರು. ಅಲ್ಲಿ ಮೇಯುವ ಆಡಿಗೆ ಅದು ಬಂಜರಲ್ಲ. ನೀಲಗಿರಿಯ ಎಲೆಯನ್ನು ದನ, ಆಡು ಮುಟ್ಟುವುದಿಲ್ಲವೆಂಬ ಕಾರಣಕ್ಕೇ ಅದು ನೆಡುತೋಪಿನವರಿಗೆ ಪ್ರಿಯ, ಹಳ್ಳಿಯವರಿಗೆ ಅಪ್ರಿಯ.

ಅಚೌರ್ಯಾಣುವ್ರತವನ್ನು ನಾವು ಸಾಮಾನ್ಯವಾಗಿ ಕಳವು ಮಾಡದಿರುವುದೆಂದು ಸುಲಭವಾಗಿ ಅರ್ಥಮಾಡಿಕೊಳ್ಳುತ್ತೇವೆ. ಆಚಾರ್ಯರ ವಿವೇಚನೆ ಇನ್ನೂ ಸೂಕ್ಷ್ಮ. ಒಡೆಯನು ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅಲ್ಲಿನ ದೋಷ. ಹಾಗಾದರೆ ಹಲವರು ಸೇರಿ ಬಳಸುವ ವಸ್ತುವನ್ನು ಕೊಡುವ ಅಧಿಕಾರ ಯಾರದು? ಕುಸನೂರಿನ ಜನ ಎತ್ತಿದ ಪ್ರಶ್ನೆ ಇದೇ. ಕಂಪನಿ ಕದ್ದಿತೆಂದು ಅವರು ಹೇಳಲಿಲ್ಲ. ಕೊಟ್ಟವರಿಗೆ ಕೊಡುವ ಹಕ್ಕಿತ್ತೇ ಎಂದು ಕೇಳಿದರು.

ಮನವೊಲಿಕೆಯ ಮಾರ್ಗ

ಈ ಪ್ರಶ್ನೆಯನ್ನು ಅವರು ಮುಂದಿಟ್ಟ ಕ್ರಮ ಅಧ್ಯಯನಯೋಗ್ಯವಾಗಿದೆ. ಮೊದಲು ವಾದವನ್ನು ನ್ಯಾಯಾಲಯಕ್ಕೆ ಒಯ್ದರು. ಜ್ಞಾನಪೀಠ ಪುರಸ್ಕೃತ ಶಿವರಾಮ ಕಾರಂತರು ಸಮುದಾಯದೊಡನೆ ಸೇರಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಸಿದರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯವು ಕಂಪನಿಗೆ ಇನ್ನು ಹೆಚ್ಚಿನ ಭೂಮಿ ವರ್ಗಾಯಿಸದಂತೆ ತಡೆಯಾಜ್ಞೆ ನೀಡಿತು.

ತಡೆಯಾಜ್ಞೆ ಬಂದೊಡನೆ ಗೆದ್ದೆವೆಂದು ಮನೆಗೆ ಹೋಗದಿರುವುದು ಅವರ ವಿವೇಕ. ನ್ಯಾಯಾಧೀಶರು ಒಪ್ಪಿದರೂ ಹಳ್ಳಿಯೇ ಒಪ್ಪದಿದ್ದರೆ ಆಜ್ಞೆ ಕಾಗದವಾಗಿ ಉಳಿಯುತ್ತದೆ. ಆದ್ದರಿಂದ ಆ ವರ್ಷದ ಮೇ ತಿಂಗಳಲ್ಲಿ, ಆಗಲೇ ಕಂಪನಿಗೆ ಭೂಮಿ ಹೋಗಿದ್ದ ಕುಸನೂರಿನಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಸಿದರು. ಈ ಊರು ಅಂದು ಧಾರವಾಡ ಜಿಲ್ಲೆಯಲ್ಲಿತ್ತು, ಇಂದು ಹಾವೇರಿ ಜಿಲ್ಲೆಯಲ್ಲಿದೆ. ಹಳ್ಳಿಗರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿತು. ಸುತ್ತಲಿನ ಊರುಗಳಲ್ಲಿ ಸಭೆಯ ಮೇಲೆ ಸಭೆ ನಡೆದವು.

1987ರ ನವೆಂಬರ್ 14ರಂದು, ಕಂಪನಿಯ ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಸುಮಾರು 2,000 ಜನ ಕುಸನೂರಿನಲ್ಲಿ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಶಾಲೆಯ ಅಂಗಳದಲ್ಲಿ ನಿಂತು ಅಹಿಂಸೆಯ ಪ್ರತಿಜ್ಞೆ ಮಾಡಿದರು. ವಾದ್ಯ ಬಾರಿಸುವವರನ್ನು ಮುಂದೆ ಮಾಡಿಕೊಂಡು ವಿವಾದದ ಭೂಮಿಗೆ ಮೆರವಣಿಗೆ ಹೋದರು. ಅಲ್ಲಿ ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಸಸಿಗಳನ್ನು ಹಚ್ಚಿದರು. ಹಚ್ಚಿದ ಸಸಿಗಳಿಗೆ ನೀರೆರೆದು ಕಾಪಾಡುತ್ತೇವೆಂದು ಪ್ರತಿಜ್ಞೆ ಮಾಡಿ ಚದುರಿದರು. ನಮ್ಮ ಕಡೆಯ ಮಾತಿನಲ್ಲಿ ಗಿಡ ನೆಡುವುದಕ್ಕೆ ‘ಹಚ್ಚುವುದು’ ಎನ್ನುತ್ತೇವೆ. ದೀಪಕ್ಕೂ ಅದೇ ಮಾತು. ‘ಕಿತ್ತಿಕೋ–ಹಚ್ಚಿಕೋ’ ಎಂಬ ಹೆಸರು ಹೀಗೆ ಬಂದಿತು.

ಲಕ್ಷಗಟ್ಟಲೆ ಸಸಿಗಳಲ್ಲಿ ನೂರನ್ನು ಕಿತ್ತರೆ ಕಂಪನಿಗೆ ನಷ್ಟವೇನು? ಏನೂ ಇಲ್ಲ. ನಷ್ಟ ಮಾಡುವುದು ಅವರ ಗುರಿಯಾಗಿರಲಿಲ್ಲ. ತಮಗೆ ಬೇಡವಾದುದೇನು, ಬೇಕಾದುದೇನು ಎಂಬ ಎರಡನ್ನೂ ಅವರು ಒಂದೇ ಕ್ರಿಯೆಯಲ್ಲಿ ನಾಡಿಗೆ ತೋರಿಸಿದರು. ಬಂಜರೆಂದು ಬರೆದಿದ್ದ ಭೂಮಿಗೆ ಒಡೆಯರಿದ್ದಾರೆ, ಅವರು ಅದನ್ನು ಕಾಯಬಲ್ಲರು ಎಂಬುದಕ್ಕೆ ಆ ಸಸಿಗಳೇ ಸಾಕ್ಷಿಗಳಾದವು. ಹಿಂದೆ ಶಾಸನದ ಕಲ್ಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಸಿ ಮಾಡಿತು.

ಅನಂತರ ಅವರು ಒಪ್ಪಂದದ ಇತರ ಭಾಗಿಗಳ ಕಡೆಗೆ ತಿರುಗಿದರು. ಶಾಸಕರ ಸಹಿ ಕೂಡಿಸಿದರು. ಸಾಲ ಕೊಡುವ ಸಂಸ್ಥೆಗಳಿಗೆ, ಬಡವರ ಮೇವಿನ ಭೂಮಿಯನ್ನು ಕಿತ್ತುಕೊಳ್ಳಲು ನಿಮ್ಮ ಹಣ ಬಳಕೆಯಾಗುವುದು ನಿಮ್ಮ ಧ್ಯೇಯಕ್ಕೆ ಒಪ್ಪುವುದೇ ಎಂದು ಕೇಳಿದರು. 1988ರ ಹೊತ್ತಿಗೆ ನೆಡುತೋಪಿಗೆ ಹಣ ಬರುವುದು ಬಹುಮಟ್ಟಿಗೆ ನಿಂತಿತು. ಕಡೆಗೆ 1991ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು.

ಕಂಪನಿಯೆಂಬುದು ಕಾನೂನು ಸೃಷ್ಟಿಸಿದ ವ್ಯಕ್ತಿ. ಅದಕ್ಕೆ ಹಸಿವಿಲ್ಲ, ಮುಪ್ಪಿಲ್ಲ. ಆದ್ದರಿಂದಲೇ ಅದರ ಪರಿಗ್ರಹಕ್ಕೆ ತಾನಾಗಿ ಬರುವ ಮಿತಿಯೂ ಇಲ್ಲ. ಅದು ವ್ರತ ತೊಡಲಾರದು. ಆದರೆ ಅದಕ್ಕೆ ಸಾಲ ಕೊಡುವವನು, ಷೇರು ಕೊಳ್ಳುವವನು, ಸರಕು ಮಾರುವವನು, ಪರವಾನಿಗೆಗೆ ಸಹಿ ಹಾಕುವವನು ಎಲ್ಲರೂ ಮನುಷ್ಯರೇ, ಅವರಿಗೆ ಮನಸ್ಸಾಕ್ಷಿಯುಂಟು. ಕುಸನೂರಿನವರು ಮಾತಾಡಿದ್ದು ಆ ಮನುಷ್ಯರೊಡನೆ.

ಇದೇ ಕಾಲದಲ್ಲಿ ಇನ್ನೊಂದು ಮಾರ್ಗವೂ ಕರ್ನಾಟಕದಲ್ಲಿ ಪ್ರಯೋಗಕ್ಕೆ ಬಂದಿತು. 1992ರ ಡಿಸೆಂಬರ್ 29ರಂದು ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. 1993ರಲ್ಲಿ ಬಳ್ಳಾರಿಯ ಅದರ ಘಟಕಕ್ಕೆ ಹಾನಿ ಮಾಡಿದರು. ಪ್ರೊ. ನಂಜುಂಡಸ್ವಾಮಿಯವರ ಎಚ್ಚರಿಕೆಯಲ್ಲಿ ಸತ್ಯಾಂಶವಿತ್ತೆಂಬುದನ್ನು ಮುಂದಿನ ಕಾಲ ತೋರಿಸಿತು. ಜೀವಕ್ಕೆ ಅಪಾಯ ಮಾಡದಿರುವುದೇ ತಮ್ಮ ಅಹಿಂಸೆಯೆಂದು ಅವರು ವಾದಿಸುತ್ತಿದ್ದರು. ಆದರೆ ಸುಟ್ಟ ಕಾಗದದ ಸುದ್ದಿಯಲ್ಲಿ ಬೀಜದ ಪ್ರಶ್ನೆ ಹಿಂದೆ ಸರಿದು, ಬೆಂಕಿ ಹಚ್ಚಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಮುಂದೆ ಬಂದಿತು. ಕುಸನೂರಿನ ಸಸಿಗಳು ಆ ಅವಕಾಶವನ್ನು ಯಾರಿಗೂ ಕೊಡಲಿಲ್ಲ.

ಇಂದಿನ ಗಾಯರಾಣಗಳು

ಈಗಿನ ತಂತ್ರಜ್ಞಾನ ಯುಗದಲ್ಲಿ ಊರಿನ ಸಾಮಾನ್ಯ ಸೊತ್ತೆಂದರೆ ಹುಲ್ಲುಗಾವಲು ಮಾತ್ರವಲ್ಲ. ಬೀಜವೂ ಅಂಥದೇ. ನವಲಗುಂದ, ಕುಂದಗೋಳದ ಎರೆಹೊಲದಲ್ಲಿ ಒಂದು ಕಾಲಕ್ಕೆ ಜಯಧರ ಹತ್ತಿಯ ಬೀಜವನ್ನು ರೈತ ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಅದು ಸಂಕರ ಬೀಜವಾದುದರಿಂದ ವರ್ಷವರ್ಷವೂ ಕೊಳ್ಳಬೇಕು. 450 ಗ್ರಾಂ ಪೊಟ್ಟಣದ ಬೆಲೆ 1,600 ರೂಪಾಯಿಯ ಮೇಲಿತ್ತು. ಆಂಧ್ರ ಸರ್ಕಾರ ಏಕಸ್ವಾಮ್ಯ ಆಯೋಗದ ಮುಂದೆ ದೂರು ಹೂಡಿದ ಮೇಲೆ 2006ರಲ್ಲಿ 750ಕ್ಕೆ ಇಳಿಯಿತು. ಪ್ರಶ್ನೆ ಕೇಳಿದ್ದರಿಂದಲೇ ಅರ್ಧಕ್ಕಿಂತ ಹೆಚ್ಚು ಭಾರ ಇಳಿಯಿತೆಂಬುದನ್ನು ವರ್ತಕರು ಗಮನಿಸಬೇಕು.

ಬಿಟಿ ಬದನೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಹಿಕೋ ಕಂಪನಿಯ ತಂತ್ರಜ್ಞಾನವನ್ನು ಪಡೆದು ಉಡುಪಿ, ಕುಡಚಿ, ಮಾಲಾಪುರ ಮೊದಲಾದ ನಾಡ ಬದನೆ ತಳಿಗಳಲ್ಲಿ ಆ ವಂಶವಾಹಿಯನ್ನು ಸೇರಿಸುವ ಕೆಲಸ ಮಾಡಿತ್ತು. ಕೇಂದ್ರ ಸರ್ಕಾರ 2010ರ ಆರಂಭದಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿತು. ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಘೋಷಿಸಿತು. ಆ ನಾಡ ತಳಿಗಳನ್ನು ಬಳಸಲು ಜೀವವೈವಿಧ್ಯ ಕಾಯಿದೆಯ ಪ್ರಕಾರ ಅನುಮತಿ ಪಡೆದಿತ್ತೇ ಎಂಬ ಆಕ್ಷೇಪವೂ ಎದ್ದು, 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ತಲೆತಲಾಂತರದಿಂದ ಒಕ್ಕಲಿಗರು ಆಯ್ದು ಉಳಿಸಿದ ಬದನೆಯನ್ನು ಕೊಡುವ ಅಧಿಕಾರ ಯಾರದು? ಪ್ರಶ್ನೆ ಮತ್ತೆ ಅದೇ.

ಮೂರನೆಯದು ಕಣ್ಣಿಗೆ ಕಾಣದ ಗಾಯರಾಣ. ಮೊಬೈಲು ಮತ್ತು ಇಂಟರ್‌ನೆಟ್ಟಿನ ಮೂಲಕ ನಮ್ಮ ಹೆಸರು, ವ್ಯವಹಾರ, ಹೊಲದ ಉತಾರ, ಬೆಳೆ, ಸಾಲ ಎಲ್ಲವೂ ಮಾಹಿತಿಯಾಗಿ ಕೂಡುತ್ತಿವೆ. 2021ರಲ್ಲಿ ಕೇಂದ್ರ ಕೃಷಿ ಸಚಿವಾಲಯವು ರೈತರ ಮಾಹಿತಿಯ ಆಧಾರದ ಮೇಲೆ ಪ್ರಾಯೋಗಿಕ ಯೋಜನೆ ನಡೆಸಲು ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳೊಡನೆ ಒಡಂಬಡಿಕೆ ಮಾಡಿಕೊಂಡಾಗ, ರೈತರನ್ನು ಕೇಳಿದಿರಾ ಎಂದು ಹಲವು ಸಂಘಟನೆಗಳು ಪತ್ರ ಬರೆದವು. ಇಲ್ಲಿಯೂ ಜನರ ಮನವೊಲಿಕೆ ಫಲಿಸಿದ ಉದಾಹರಣೆಯುಂಟು. ಇಂಟರ್‌ನೆಟ್ಟನ್ನು ಕೆಲವು ಕಂಪನಿಗಳ ಬಾಗಿಲಿನಿಂದಲೇ ಪ್ರವೇಶಿಸುವಂತೆ ಮಾಡುವ ಯತ್ನಗಳ ವಿರುದ್ಧ 2015ರಲ್ಲಿ ಹತ್ತು ಲಕ್ಷಕ್ಕೂ ಮೀರಿ ಪತ್ರಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹೋದವು. ಫೇಸ್‌ಬುಕ್ ಕಂಪನಿಯು ತನ್ನ ಉಚಿತ ಯೋಜನೆಯ ಪರವಾಗಿ ಭಾರಿ ಜಾಹೀರಾತು ನಡೆಸಿಯೂ, 2016ರ ಫೆಬ್ರವರಿ 8ರಂದು ಪ್ರಾಧಿಕಾರವು ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಉಚಿತವೆಂದು ಬಂದದ್ದರ ಬೆಲೆ ಏನೆಂದು ಜನ ಮೊದಲೇ ಕೇಳಿದ್ದರು.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಯನ್ನು ಓದಿ ಕಂಪನಿಗಳನ್ನು ದೂರುವುದು ಸುಲಭ. ಆದರೆ ನಾವು ವರ್ತಕ ಸಮಾಜದವರು. ಒಪ್ಪಂದಗಳಲ್ಲಿ ಹಲವು ಸಲ ನಾವು ಇರುವುದು ಸಾಲ ಕೊಡುವವರ, ಷೇರು ಕೊಳ್ಳುವವರ, ಸರಕು ಮಾರುವವರ ಸಾಲಿನಲ್ಲಿ. ಕುಸನೂರಿನವರು ಕದ ತಟ್ಟಿ ಮಾತಾಡಿಸಿದ್ದು ನಮ್ಮಂಥವರನ್ನೇ. ಆದ್ದರಿಂದ ಬಸದಿ ಟ್ರಸ್ಟುಗಳ ಮತ್ತು ಕುಟುಂಬಗಳ ಹಿರಿಯರಲ್ಲಿ ಮೂರು ವಿನಂತಿಗಳು.

ಟ್ರಸ್ಟಿನ ಮತ್ತು ಮನೆತನದ ಹಣ ಯಾವ ಯಾವ ಸಂಸ್ಥೆಗಳಲ್ಲಿ ತೊಡಗಿದೆಯೆಂಬುದನ್ನು ವರ್ಷಕ್ಕೊಮ್ಮೆ ಬಡ್ಡಿಯ ದೃಷ್ಟಿಯಿಂದಲ್ಲದೆ ಹಿಂಸೆಯ ದೃಷ್ಟಿಯಿಂದಲೂ ಪರಿಶೀಲಿಸಬೇಕು. ಅಢಾವೆ ಪತ್ರಿಕೆಯನ್ನು ಓದಬಲ್ಲವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸಂಶಯ ಬಂದಲ್ಲಿ ಷೇರುದಾರನಾಗಿ ಒಂದು ಪತ್ರ ಬರೆದು ವಿವರ ಕೇಳುವುದು ನಮ್ಮ ಹಕ್ಕು.

ಎರಡನೆಯದಾಗಿ, ಬಸದಿಯ ಅಥವಾ ಊರಿನ ಭೂಮಿಯನ್ನು ಗುತ್ತಿಗೆ ಕೊಡುವ ಪ್ರಸಂಗ ಬಂದರೆ, ಕರಾರಿನ ಷರತ್ತುಗಳನ್ನು ಕನ್ನಡದಲ್ಲಿ ಊರವರ ಮುಂದೆ ಓದಿಸಬೇಕು. ಅಲ್ಲಿ ದನ ಮೇಯಿಸುವವರು, ಸೌದೆ ಆರಿಸುವವರು ಸಭೆಯಲ್ಲಿರಬೇಕು. ಅವರ ಸಹಿ ಕಾನೂನಿಗೆ ಬೇಕಾಗಿರಲಿಕ್ಕಿಲ್ಲ, ಅಣುವ್ರತಕ್ಕೆ ಬೇಕು.

ಮೂರನೆಯದಾಗಿ, ಕ್ಷೇತ್ರಗಳಿಗೆ ಬರುವ ಯಾತ್ರಿಕರ ಹೆಸರು, ಮೊಬೈಲ್ ಸಂಖ್ಯೆ, ದಾನದ ವಿವರಗಳು ಈಗ ಟ್ರಸ್ಟುಗಳ ಗಣಕಯಂತ್ರಗಳಲ್ಲಿವೆ. ಅವನ್ನು ಕೇಳಿಕೊಂಡು ಬರುವ ವ್ಯಾಪಾರಿ ಸಂಸ್ಥೆಗಳಿಗೆ, ಉಚಿತ ಸೇವೆಯ ಆಮಿಷಕ್ಕಾಗಲಿ ಪರಿಚಯದ ದಾಕ್ಷಿಣ್ಯಕ್ಕಾಗಲಿ ಒಪ್ಪಿಸಕೂಡದು. ವ್ಯಕ್ತಿಗತ ಮಾಹಿತಿಯ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯಿದೆಯನ್ನೇ ಮಾಡಿದೆ. ಕಾಯಿದೆಗಿಂತ ಮೊದಲೇ ನಮಗೆ ತಿಳಿದಿರಬೇಕಾದುದು ಇಷ್ಟು: ಆ ವಹಿ ನಮ್ಮ ವಶದಲ್ಲಿದೆ, ನಮ್ಮ ಸೊತ್ತಲ್ಲ. ಕೊಡುವ ಅಧಿಕಾರ ಯಾತ್ರಿಕನದು; ಮೊದಲು ಅವನನ್ನು ಕೇಳೋಣ.